ತಾಮ್ರಪಟದಿಂದ ಪಾವತಿ ಪುಸ್ತಕದವರೆಗೆ

ಕೃಷ್ಣಾ, ಪಂಚಗಂಗಾ, ವಾರಣಾ, ದೂಧಗಂಗಾ ನದಿಗಳ ಸೀಮೆಯಾದ ಶಿರೋಳ ತಾಲ್ಲೂಕಿನವರಿಗೆ ಮಹಾಪೂರದ ಕಥೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2005, 2019, 2021 ಎಂಬ ಇಸವಿಗಳು ಈ ಭಾಗದ ಮನೆಗಳ ಗೋಡೆಗಳ ಮೇಲೆ ನೀರಿನ ಗೆರೆಗಳಾಗಿ ಉಳಿದಿವೆ. ಪ್ರತಿಯೊಂದು ಮಹಾಪೂರದ ಬೆನ್ನಿಗೂ ದಾನದ ಇನ್ನೊಂದು ಪೂರ ಬರುತ್ತದೆ. ಅಕ್ಕಿ, ಗೋಧಿಹಿಟ್ಟು, ಚಾದರ, ಔಷಧ, ದನಗಳಿಗೆ ಮೇವು ಹೊತ್ತ ಲಾರಿಗಳು ದೂರದೂರದ ಊರುಗಳಿಂದ ಬರುತ್ತವೆ. ಆ ಪುಣ್ಯಾತ್ಮರ ಋಣವನ್ನು ನಾವು ತೀರಿಸಲಾರೆವು. ಆದರೆ ಅವರ ಹಿಂದೆಯೇ ಪಾವತಿ ಪುಸ್ತಕ ಹಿಡಿದವರೂ ಬರುತ್ತಾರೆ.

2019ರ ಸೆಪ್ಟೆಂಬರಿನಲ್ಲಿ ಅಂಥ ಇಬ್ಬರು ತರುಣರು ನಮ್ಮ ಮನೆಗೆ ಬಂದರು. ಪೂರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಆಶ್ರಮವೊಂದನ್ನು ನಡೆಸುತ್ತಿರುವುದಾಗಿ ಹೇಳಿದರು. ಪಾವತಿಯ ಮೇಲೆ ದೀಪದ ಲಾಂಛನ, ನೋಂದಣಿ ಸಂಖ್ಯೆ, ಅಧ್ಯಕ್ಷರ ಸಹಿಯ ಮುದ್ರೆ, ಮಕ್ಕಳ ಭಾವಚಿತ್ರ ಎಲ್ಲವೂ ಇದ್ದವು. ನಾನು 501 ರೂಪಾಯಿ ಕೊಟ್ಟೆ. ಕೆಲವು ದಿನಗಳ ತರುವಾಯ ವಕೀಲಿ ವೃತ್ತಿಯ ಮಿತ್ರರೊಬ್ಬರು ಆ ಪಾವತಿಯನ್ನು ಕಂಡು ಕುತೂಹಲದಿಂದ ವಿಚಾರಿಸಿದರು. ಆ ನೋಂದಣಿ ಸಂಖ್ಯೆ ಬೇರೊಂದು ಜಿಲ್ಲೆಯ ವಾಚನಾಲಯದ್ದು. ಆಶ್ರಮವೆಂಬುದು ಎಲ್ಲಿಯೂ ಇರಲಿಲ್ಲ. ಹೋದದ್ದು 501 ರೂಪಾಯಿ ಮಾತ್ರ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅದೇ ವಾರ ಪಕ್ಕದ ಊರಿನ ಶಿಕ್ಷಕಿಯೊಬ್ಬರು, ತಮ್ಮ ಶಾಲೆಯ ಪುಸ್ತಕಗಳೆಲ್ಲ ಕೆಸರು ಪಾಲಾಗಿವೆಯೆಂದು ಹೇಳಿಕೊಂಡು ಬಂದಾಗ, “ಮುಂದೆ ನೋಡೋಣರೀ ಬಾಯಿ” ಎಂದು ಬಾಗಿಲಿನಿಂದಲೇ ಕಳಿಸಿಬಿಟ್ಟೆ. ಅವರ ಹತ್ತಿರ ಪಾವತಿ ಪುಸ್ತಕವೂ ಇರಲಿಲ್ಲ, ಲಾಂಛನವೂ ಇರಲಿಲ್ಲ. ಇದ್ದದ್ದು ಒಂದು ಎಕ್ಸರ್‌ಸೈಜ್ ವಹಿ ಮಾತ್ರ.

ಈ ಎರಡು ಘಟನೆಗಳು ಬಹುಕಾಲ ನನ್ನನ್ನು ಕಾಡಿದವು. ಸುಳ್ಳಿಗೆ ಕೊಟ್ಟು ಸತ್ಯಕ್ಕೆ ಕೊಡದೆ ಹೋದದ್ದು ಹೇಗೆ? ಇತಿಹಾಸದ ವಿದ್ಯಾರ್ಥಿಯಾದ ಕಾರಣ ಉತ್ತರವನ್ನು ಹಿಂದೆ ಹುಡುಕುತ್ತ ಹೋದೆ. ನಮ್ಮ ಹಿರಿಯರು ದಾನವನ್ನು ಹೇಗೆ ಕೊಡುತ್ತಿದ್ದರು, ಕೊಟ್ಟದ್ದನ್ನು ಹೇಗೆ ಕಾಯುತ್ತಿದ್ದರು, ಅವರಿಗೂ ಮೋಸವಾಗುತ್ತಿತ್ತೇ ಎಂಬುದನ್ನು ತಿಳಿಯುವ ಆಸೆ ಹುಟ್ಟಿತು.

ಮೋಸವಾಗುತ್ತಿತ್ತು. ಎಷ್ಟರ ಮಟ್ಟಿಗೆಂದರೆ ನಮ್ಮ ಧರ್ಮಶಾಸ್ತ್ರಗಳಲ್ಲಿ ಅದಕ್ಕೊಂದು ಹೆಸರೇ ಇದೆ: ಕೂಟಶಾಸನ. ಅರಸನ ಹೆಸರಿನಲ್ಲಿ ಸುಳ್ಳು ಶಾಸನ ಬರೆದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ಹೇಳಿದೆ. ಯಾಜ್ಞವಲ್ಕ್ಯ ಸ್ಮೃತಿಯ ಮಾರ್ಗ ಬೇರೆ. ಅದು ದಂಡಕ್ಕಿಂತ ಮೊದಲು ದಾಖಲೆಯ ಮಾತನ್ನು ಆಡುತ್ತದೆ. ಭೂಮಿಯನ್ನಾಗಲಿ ನಿಬಂಧವನ್ನಾಗಲಿ ದಾನ ಮಾಡಿದ ಅರಸ ಅದನ್ನು ಬಟ್ಟೆಯ ಮೇಲೆ ಅಥವಾ ತಾಮ್ರದ ಹಲಗೆಯ ಮೇಲೆ ಬರೆಸಬೇಕು. ತನ್ನ ವಂಶದವರ ಹೆಸರು, ಪಡೆದವನ ಹೆಸರು, ದಾನದ ಪ್ರಮಾಣ, ಎಲ್ಲೆ, ಕಾಲ, ಸಹಿ, ಮುದ್ರೆ ಇರಬೇಕು. ಮುಂದೆ ಬರುವ ಅರಸರಿಗೆ ತಿಳಿಯಲೆಂದು ಇದೆಲ್ಲ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ಎಂದರೆ ನಮ್ಮವನೇ. ಒಂದು ಹೇರು ಸರಕಿಗೆ ಇಷ್ಟು ನಾಣ್ಯ, ಒಂದು ಹೇರು ಎಲೆಗೆ ಇಷ್ಟು ಎಲೆ ಎಂದು ಗೊತ್ತುಮಾಡಿ ಕೊಡುವುದೇ ನಿಬಂಧವೆಂದು ಅವನು ಬಿಡಿಸಿ ಹೇಳಿದ್ದಾನೆ. ಸಂತೆಯಲ್ಲಿ ವ್ಯಾಪಾರ ಮಾಡುವವರಿಗೂ ಅರ್ಥವಾಗುವ ವಿವರಣೆ ಅದು.

ಆ ವಿವರಣೆ ಕಾರ್ಯರೂಪಕ್ಕೆ ಬಂದದ್ದನ್ನು ಕೊಲ್ಹಾಪುರದಲ್ಲಿಯೇ ಕಾಣಬಹುದು. ಶಕ 1058ರ, ಎಂದರೆ ಕ್ರಿ.ಶ. 1135ರ ಕನ್ನಡ ಶಾಸನವೊಂದಿದೆ. ಶಿಲಾಹಾರ ಗಂಡರಾದಿತ್ಯನ ಸಾಮಂತ ನಿಂಬದೇವರಸನು ಕವಡೆಗೊಳ್ಳದ ಸಂತೆಯಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಯ್ಯಾವೊಳೆ ಐನೂರ್ವರ ಸಂಘಕ್ಕೆ ಸೇರಿದ ಕೊಲ್ಲಾಪುರ, ಮಿರಿಂಜೆ ಮೊದಲಾದ ಪಟ್ಟಣಗಳ ವರ್ತಕರು ಒಂದೆಡೆ ಕೂಡಿ, ಮಾರುಕಟ್ಟೆಗೆ ಬರುವ ಸರಕಿನ ಮೇಲೆ ಬಸದಿಗಾಗಿ ಇಷ್ಟಿಷ್ಟೆಂದು ಬಿಟ್ಟುಕೊಟ್ಟರು. ಕೊಟ್ಟವರಾರು, ಯಾವ ಸರಕಿನ ಮೇಲೆ, ಯಾರ ಕೈಗೆ, ಯಾವ ಕೆಲಸಕ್ಕೆ ಎಂಬುದೆಲ್ಲ ಕಲ್ಲಿನ ಮೇಲೆ ಬಂದಿತು. ಇಂದಿನ ಭಾಷೆಯಲ್ಲಿ ಅದು ವರ್ಗಣಿಯ ಪಟ್ಟಿ.

ಕೊಲ್ಹಾಪುರದ ಶುಕ್ರವಾರ ಬಾಗಿಲಿನ ಹತ್ತಿರದ ಶಾಸನ ಇನ್ನೂ ಏಳು ವರ್ಷ ಈಚಿನದು, ಶಕ 1065ರದು. ಭಾಷೆ ಸಂಸ್ಕೃತ, ಲಿಪಿ ನಮ್ಮದೇ ಹಳಗನ್ನಡ. ಚಂದ್ರಗ್ರಹಣದ ದಿನ ಶಿಲಾಹಾರ ವಿಜಯಾದಿತ್ಯನು ಹಾವಿನ ಹೇರಿಲಗೆ ಎಂಬ ಊರಿನ ಬಸದಿಗೆ ಕೊಟ್ಟ ದಾನವನ್ನು ಅದು ಹೇಳುತ್ತದೆ. ಕೊಟ್ಟದ್ದು ರಾಜ್ಯವೇನೂ ಅಲ್ಲ: ಕುಂಡಿಯ ಕೋಲಿನಿಂದ ಅಳೆದ ಕಾಲು ನಿವರ್ತನ ಹೊಲ, ಹನ್ನೆರಡು ಕೈ ಅಳತೆಯ ಒಂದು ಮನೆ. ಉದ್ದೇಶ ಮೂರು: ಪಾರ್ಶ್ವನಾಥನ ಪೂಜೆ, ಬಸದಿಯ ದುರಸ್ತಿ, ಅಲ್ಲಿರುವ ಮುನಿಗಳಿಗೆ ಆಹಾರ. ಕಾಲು ನಿವರ್ತನ ಹೊಲಕ್ಕೆ ಇಷ್ಟು ಬರೆವಣಿಗೆ! ಅಳೆದ ಕೋಲು ಯಾವುದೆಂದೂ ಹೇಳುವ ಈ ಹಟವನ್ನು ಕಂಡಾಗಲೆಲ್ಲ ನನಗೆ ನಮ್ಮ ತಲಾಠಿ ಕಚೇರಿಯ ನೆನಪಾಗುತ್ತದೆ.

ನಮಗೆ ಇನ್ನೂ ಸಮೀಪದ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ, ದೇವಗಿರಿಯ ಯಾದವ ಸಿಂಘಣನ 13ನೆಯ ಶತಮಾನದ ಆರಂಭದ ಶಾಸನವಿದೆ. ದೇವರ ಪೂಜೆಗಾಗಿ ಕೂಡಲದಾಮವಾಡವೆಂಬ ಊರನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಅದು ಇಂದಿನ ಕುರುಂದವಾಡವೆಂದು ಗ್ಯಾಜೆಟಿಯರ್ ಹೇಳುತ್ತದೆ. ನದಿಗಳು ಕೂಡುವ ಠಾವಿಗೆ ‘ಕೂಡಲ’ವೆನ್ನುವುದು ಕನ್ನಡವೇ ತಾನೆ? ಗುಡಿಗೆ ಬಂದ ಪ್ರತಿಯೊಬ್ಬ ಭಕ್ತನ ಕಣ್ಣಿಗೂ ಬೀಳುವಂತೆ ಆ ಬರಹ ನಿಂತಿದೆ. ದಾನವನ್ನು ನುಂಗಿದವನು ಅರುವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗುವನೆಂಬ ಶಾಪವನ್ನು ಇಂಥ ಶಾಸನಗಳ ಕೊನೆಗೆ ಹಾಕುತ್ತಿದ್ದರು. ಓದು ಬಾರದವರಿಗಾಗಿ ಸೂರ್ಯಚಂದ್ರರನ್ನು, ಹಸುಕರುವನ್ನು ಕೆತ್ತುತ್ತಿದ್ದರು. ಶಿಲಾಹಾರ ಯಾದವರ ಕಾಲದ ಮಹಾರಾಷ್ಟ್ರದಲ್ಲಿ ಅದಕ್ಕೂ ಮುಂದೆ ಹೋಗಿ ಕತ್ತೆಯ ಶಾಪದ ‘ಗಧೇಗಾಳ’ ಕಲ್ಲುಗಳನ್ನು ನೆಟ್ಟರು. ಆ ಕೆತ್ತನೆಯ ವಿವರವನ್ನು ಕುಟುಂಬದವರೆಲ್ಲ ಓದುವ ಸಂಚಿಕೆಯಲ್ಲಿ ಬರೆಯುವಂತಿಲ್ಲ.

ಇಷ್ಟೆಲ್ಲ ಶಾಪ ಹಾಕುತ್ತಿದ್ದರೆಂದರೆ ನುಂಗುವವರು ಇದ್ದರೆಂದೇ ಅರ್ಥ. ಕೊಟ್ಟದ್ದನ್ನು ನುಂಗುವವರಿಗಿಂತ ಜಾಣರಾದವರು, ಕೊಡದೆ ಇದ್ದದ್ದನ್ನೇ ಕೊಟ್ಟಂತೆ ಬರೆದುಕೊಂಡವರು. ಅವರ ಕಥೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಹಾತಕಣಂಗಲೆ ತಾಲ್ಲೂಕಿನ ಆಳತೆ ನಮ್ಮ ನೆರೆಯ ಊರು. ಅನೇಕರಿಗೆ ಬೀಗರ ಊರೂ ಹೌದು. ಆ ಊರಿನ ಹೆಸರಿನಿಂದ ಪ್ರಸಿದ್ಧವಾದ ತಾಮ್ರಪಟವೊಂದಿದೆ. ಬಾದಾಮಿ ಚಾಲುಕ್ಯರ ಒಂದನೆಯ ಪುಲಕೇಶಿಯ ಕಾಲದಲ್ಲಿ ಸಾಮಿಯಾರನೆಂಬ ಸೇಂದ್ರಕ ಸಾಮಂತನು ಕುಹುಂಡಿ ವಿಷಯದ ಅಲಕ್ತಕನಗರದಲ್ಲಿ ಜಿನಾಲಯವನ್ನು ಕಟ್ಟಿಸಿ ಭೂದಾನ ಮಾಡಿದನೆಂದು ಅದು ಹೇಳುತ್ತದೆ. ಅಲಕ್ತಕನಗರವೇ ಆಳತೆ. ಪಟದಲ್ಲಿರುವ ಕಾಲ ಶಕ 411, ಎಂದರೆ ಕ್ರಿ.ಶ. 489.

ಇದನ್ನು ಪರೀಕ್ಷಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದ ಈ ಇಂಗ್ಲಿಷ್ ಅಧಿಕಾರಿ ಬೆಳಗಾವಿಯ ಸೀಮೆಯಲ್ಲಿ ಕೆಲಸ ಮಾಡಿ ಕನ್ನಡವನ್ನು ಚೆನ್ನಾಗಿ ಕಲಿತನು. ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟನೂ ಆಗಿದ್ದನು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹಾಡುವವರ ಬಾಯಿಂದ ಬರೆದುಕೊಂಡು ಅಚ್ಚುಹಾಕಿಸಿದವನೂ ಇವನೇ. ತನ್ನ ಸರಕಾರವೇ ಗಲ್ಲಿಗೇರಿಸಿದ ವೀರನ ಹಾಡನ್ನು ಉಳಿಸಿದ ಈ ಮನುಷ್ಯನ ಮೇಲೆ ನನಗೆ ಒಂದು ಬಗೆಯ ಮಮತೆ. ಆಳತೆಯ ಪಟವನ್ನು ಅವನು ಕೃತಕವೆಂದು ತೀರ್ಮಾನಿಸಿದನು. ಅದರ ಅಕ್ಷರಗಳು ಐದನೆಯ ಶತಮಾನದವಲ್ಲ, ಶತಮಾನಗಳಷ್ಟು ಈಚಿನವು. ಪುಲಕೇಶಿಯ ಕಾಲವೂ ಹೊಂದುವುದಿಲ್ಲ. ಮುಂದೆ ಬಾದಾಮಿಯ ಬಂಡೆಯ ಮೇಲೆ ಅದೇ ಪುಲಕೇಶಿ ಕೋಟೆ ಕಟ್ಟಿಸಿದ ಶಾಸನ ದೊರೆಯಿತು. ಅದರ ಕಾಲ ಶಕ 465, ಕ್ರಿ.ಶ. 543. ಎರಡರ ನಡುವೆ 54 ವರ್ಷಗಳ ಅಂತರ. ಪುಲಕೇಶಿಯ ಮಗ ಮಂಗಳೇಶನು ಏಳನೆಯ ಶತಮಾನದ ಆರಂಭದಲ್ಲಿಯೂ ಆಳುತ್ತಿದ್ದನು. ತಂದೆ 489ರಲ್ಲಿ ಸಿಂಹಾಸನದ ಮೇಲೆ, ಮಗ 600 ದಾಟಿದ ಮೇಲೂ ಸಿಂಹಾಸನದ ಮೇಲೆ! ಲಿಪಿ ಬಾರದವನೂ ಬೆರಳು ಮಡಿಚಿ ಎಣಿಸಿ ಸಂಶಯಪಡಬಹುದಾದ ಲೆಕ್ಕ ಇದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಳತೆಯ ಪಟದಲ್ಲಿ ಏನೂ ಕೊರತೆಯಿಲ್ಲ. ಅರಸನ ವಂಶಾವಳಿಯಿದೆ, ಸಾಮಂತನ ಹೆಸರಿದೆ, ತಿಥಿಯಿದೆ, ದಾನದ ವಿವರವಿದೆ. ಸ್ಮೃತಿ ಕೇಳಿದ್ದನ್ನೆಲ್ಲ ಬರೆದವನು ಒದಗಿಸಿದ್ದಾನೆ. ಪಟವನ್ನು ಎಷ್ಟೇ ಹತ್ತಿರ ಹಿಡಿದು ನೋಡಿದರೂ ಅದು ತನ್ನ ಸುಳ್ಳನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಅದನ್ನು ಬಯಲು ಮಾಡಿದ್ದು ಬೇರೆ ಕಡೆ, ಬೇರೆಯವರ ಕೈಯಲ್ಲಿ ಇದ್ದ ದಾಖಲೆಗಳು: ಚಾಲುಕ್ಯರ ಇತರ ಶಾಸನಗಳು, ಆಯಾ ಕಾಲದ ಲಿಪಿಗಳು, ಕೊನೆಗೆ ಬಾದಾಮಿಯ ಬಂಡೆ. ತಾಮ್ರಪಟ ಪಡೆದವನ ಮನೆಯ ಪೆಟ್ಟಿಗೆಯಲ್ಲಿ ಇರುವಂಥದು. ಬೇಕಾದಾಗ ಅವನೇ ತೆಗೆದು ತೋರಿಸುತ್ತಾನೆ. ಬಂಡೆ ಎಲ್ಲರೆದುರು ನಿಂತಿರುತ್ತದೆ. ಕಲ್ಲಿನ ಮೇಲೆ ಸುಳ್ಳು ಬರೆಯಲಾರರೆಂದಲ್ಲ, ಆದರೆ ಊರೆಲ್ಲ ನೋಡುವಾಗ ಬರೆಯುವುದು ಕಷ್ಟ.

ನಮ್ಮ ಇಮ್ಮಡಿ ಪುಲಕೇಶಿಯ ಎದುರಾಳಿಯಾಗಿದ್ದ ಹರ್ಷವರ್ಧನನ ಕಾಲದಲ್ಲೂ ಇಂಥದೇ ಪ್ರಸಂಗ ನಡೆದಿತ್ತು. ಉತ್ತರಪ್ರದೇಶದ ಮಧುಬನದಲ್ಲಿ ದೊರೆತ ಅವನ 631ರ ತಾಮ್ರಪಟ ಅದನ್ನು ಹೇಳುತ್ತದೆ. ಶ್ರಾವಸ್ತಿಯ ಸೀಮೆಯ ಸೋಮಕುಂಡಕಾ ಎಂಬ ಹಳ್ಳಿಯನ್ನು ವಾಮರಥ್ಯನೆಂಬವನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನು. ಹರ್ಷನು ಆ ಸುಳ್ಳು ಪಟವನ್ನು ಒಡೆಯಿಸಿದನು. ಅಷ್ಟಕ್ಕೇ ನಿಲ್ಲದೆ, ಅದೇ ಹಳ್ಳಿಯನ್ನು ಅರ್ಹರೆಂದು ಕಂಡ ಇಬ್ಬರಿಗೆ ದಾನ ಮಾಡಿ ಹೊಸ ಪಟ ಬರೆಸಿಕೊಟ್ಟನು. ಮೋಸ ಗೊತ್ತಾದ ಮೇಲೆ ಆ ಹಳ್ಳಿಯನ್ನು ಬೊಕ್ಕಸಕ್ಕೆ ಸೇರಿಸಿ ಕೈತೊಳೆದುಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಶಿಕ್ಷಕಿಯನ್ನು ಬಾಗಿಲಿನಿಂದ ಕಳಿಸಿದ ನನಗೆ ಈ ಪಟದ ಸಾಲುಗಳು ತುಸು ಚುಚ್ಚಿದವು.

ಪರೀಕ್ಷೆ ಅತಿಯಾದರೆ ಏನಾಗುತ್ತದೆಂಬುದಕ್ಕೂ ನಮ್ಮ ಸೀಮೆಯಲ್ಲೇ ಉದಾಹರಣೆಯಿದೆ. 1852ರ ಕಾಯಿದೆಯಂತೆ ಬ್ರಿಟಿಷರು ನಡೆಸಿದ ಇನಾಮು ಕಮಿಷನ್ ದಕ್ಷಿಣ ಮರಾಠಾ ಸೀಮೆಯ ಇನಾಮದಾರರಿಂದ ಸನದುಗಳನ್ನು ಕೇಳಿತು. ಖೋಟಾ ಸನದುಗಳು ಇದ್ದದ್ದು ನಿಜ. ಆದರೆ ಗೆದ್ದಲು ತಿಂದ, ಬೆಂಕಿಗೆ ಬಿದ್ದ, ಅಣ್ಣತಮ್ಮಂದಿರ ಪಾಲಿನಲ್ಲಿ ಕಳೆದುಹೋದ ಕಾಗದಗಳ ನಿಜವಾದ ಒಡೆಯರೂ ಭೂಮಿಯನ್ನು ಕಳೆದುಕೊಂಡರು. 1857ರ ಹೊತ್ತಿಗೆ ಈ ಸೀಮೆಯಲ್ಲಿ ಹೊಗೆಯಾಡುತ್ತಿದ್ದ ಅಸಮಾಧಾನಕ್ಕೆ ಇದೂ ಒಂದು ಕಾರಣವಾಯಿತು.

ಕಾಗದವೇ ಇಲ್ಲದೆ ನಡೆದ ದಾನದ ಕಥೆಯೂ ಇದೆ, ಅದು ಹೆಚ್ಚು ಹಿತವಾದದ್ದು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರ ಮನೆತನ ಮೂಲತಃ ಮೂಡಬಿದಿರೆಯ ಕಡೆಯದು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸುವುದಕ್ಕೂ ಮೊದಲೇ ಅವರು ಅಣ್ಣಾಸಾಹೇಬ ಲಠ್ಠೆ ಮೊದಲಾದವರೊಡನೆ ದೂಧಗಾವಿಯಲ್ಲಿ ವಿದ್ಯಾರ್ಥಿ ಆಶ್ರಮವನ್ನು ಆರಂಭಿಸಿದ್ದರು. ಅದಕ್ಕೆ ಆಧಾರ ‘ಮುಷ್ಟಿ ಫಂಡ’. ಮನೆಯ ಹೆಣ್ಣುಮಕ್ಕಳು ದಿನದ ಕಾಳಿನಲ್ಲಿ ಒಂದು ಹಿಡಿಯನ್ನು ಆಶ್ರಮದ ಮಕ್ಕಳಿಗೆಂದು ತೆಗೆದಿಡುವುದು. ಆ ಹಿಡಿಗಾಳಿಗೆ ಯಾರೂ ಪಾವತಿ ಕೇಳಿರಲಾರರು. ಕಾಳು ಎಲ್ಲಿಗೆ ಹೋಗುತ್ತದೆಂದು ಊರಿಗೆ ಕಾಣುತ್ತಿತ್ತು. ಮುಂದೆ ಸಾತಾರೆಯ ವಸತಿಗೃಹದ ಮಕ್ಕಳ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. ಕೇಳುವವರೇ ಮೊದಲು ಕೊಟ್ಟಿದ್ದರೆಂಬುದು ಜನರಿಗೆ ಗೊತ್ತಿತ್ತು.

ಊರು ದೊಡ್ಡದಾಯಿತು, ಕೊಡುವವರಿಗೂ ಪಡೆಯುವವರಿಗೂ ನಡುವೆ ದೂರ ಬೆಳೆಯಿತು. ಆ ದೂರವನ್ನು ತುಂಬಲು ಕಾನೂನು ಬಂದಿತು. 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆ ಇಂದು ಮಹಾರಾಷ್ಟ್ರದ ಹೆಸರಿನಲ್ಲಿ ನಡೆಯುತ್ತಿದೆ. ಅದರಂತೆ ಪ್ರತಿಯೊಂದು ಸಾರ್ವಜನಿಕ ನ್ಯಾಸವೂ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿಯಾಗಬೇಕು. ಅಲ್ಲಿಯ ‘ಪರಿಶಿಷ್ಟ 1’ ಎಂಬ ನೋಂದಣಿ ಪುಸ್ತಕದಲ್ಲಿ ನ್ಯಾಸದ ಹೆಸರು, ಉದ್ದೇಶ, ವಿಶ್ವಸ್ಥರು, ಆಸ್ತಿ ಎಲ್ಲವೂ ಬರೆದಿರುತ್ತವೆ. ಹೊಲ ಕೊಳ್ಳುವಾಗ ಮಾರುವವನು ತಂದು ತೋರಿಸಿದ ಕಾಗದವನ್ನಷ್ಟೇ ನಂಬಿ ನಾವು ಹಣ ಎಣಿಸುವುದಿಲ್ಲ. ಸಾತ್‌ಬಾರಾ ಉತಾರೆಯನ್ನು ತೆಗೆಸುತ್ತೇವೆ. ಪರಿಶಿಷ್ಟ 1 ಎಂದರೆ ಧರ್ಮಸಂಸ್ಥೆಯ ಉತಾರೆ. ಕೊಲ್ಹಾಪುರದ ಧರ್ಮಾದಾಯ ಕಚೇರಿಯಲ್ಲಿ ಅದನ್ನು ನೋಡಬಹುದು, ಈಗ ನ್ಯಾಸದ ಹೆಸರನ್ನು ಜಾಲತಾಣದಲ್ಲಿಯೂ ಹುಡುಕಬಹುದು. ನೋಂದಣಿಯಾಗದ ಗಣೇಶೋತ್ಸವ ಮಂಡಳಿಗಳಂಥವರು ವರ್ಗಣಿ ಎತ್ತಬೇಕಾದರೆ 41ಸಿ ಕಲಮಿನಂತೆ ಅದೇ ಕಚೇರಿಯ ಪರವಾನಗಿ ಪಡೆಯಬೇಕು, ಲೆಕ್ಕವನ್ನೂ ಒಪ್ಪಿಸಬೇಕು. ನನ್ನ ಕೈಗೆ ಬಂದ ಪಾವತಿಯ ಸಂಖ್ಯೆ ಸುಳ್ಳಾಗಿರಲಿಲ್ಲ, ಬೇರೆಯವರದಾಗಿತ್ತು. ಸಂಖ್ಯೆ ಇದೆಯೇ ಎಂದು ನೋಡಿದ ನಾನು, ಅದು ಯಾರದು ಎಂದು ನೋಡಲಿಲ್ಲ.

ಆದಾಯ ತೆರಿಗೆಯ 80ಜಿ ರಿಯಾಯಿತಿಯ ವಿಷಯದಲ್ಲೂ ಈಚೆಗೆ ಇಂಥದೇ ಎರಡನೆಯ ಸಾಕ್ಷಿ ಸೇರಿದೆ. ಹಿಂದೆ ಸಂಸ್ಥೆಯವರು ಕೊಟ್ಟ ಪಾವತಿಯೇ ಸಾಕಾಗಿತ್ತು. ಈಗ ಸಂಸ್ಥೆ ತನಗೆ ಬಂದ ದಾನಗಳ ವಿವರವನ್ನು ಇಲಾಖೆಗೆ ಸಲ್ಲಿಸಿ, ಕೊಟ್ಟವರಿಗೆ 10ಬಿಇ ಎಂಬ ಪ್ರಮಾಣಪತ್ರವನ್ನು ಕೊಡಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿಯೇ ಇಲ್ಲ. “80ಜಿ ಇದೆ, ನಗದೇ ಕೊಡಿ” ಎಂದು ದೊಡ್ಡ ಮೊತ್ತವನ್ನು ಒತ್ತಾಯಿಸುವವರ ಮಾತಿನಲ್ಲಿಯೇ ವಿರೋಧವಿದೆ.

ಕೂಟಶಾಸನದ ಕಸುಬು ಮಾತ್ರ ನಿಂತಿಲ್ಲ, ತಾಮ್ರದಿಂದ ಕಾಗದಕ್ಕೆ, ಕಾಗದದಿಂದ ಮೊಬೈಲಿಗೆ ಬಂದಿದೆ. 2020ರ ಮಾರ್ಚ್ 28ರಂದು ಕೊರೊನಾ ಪರಿಹಾರಕ್ಕಾಗಿ ಪಿಎಂ ಕೇರ್ಸ್ ನಿಧಿ ಘೋಷಣೆಯಾಯಿತು. ಹಣ ಕಳಿಸುವ ನಿಜವಾದ ಯುಪಿಐ ವಿಳಾಸ ‘ಪಿಎಂಕೇರ್ಸ್’ ಎಂದಿತ್ತು. ಒಂದೆರಡು ದಿನಗಳಲ್ಲೇ ‘ಪಿಎಂಕೇರ್’ ಎಂಬ ವಿಳಾಸ ಹರಿದಾಡತೊಡಗಿತು. ಕೊನೆಯ ಒಂದು ಅಕ್ಷರವಷ್ಟೇ ಇಲ್ಲ! ಸರಕಾರವೂ ದಿಲ್ಲಿಯ ಪೊಲೀಸರೂ ಜನರನ್ನು ಎಚ್ಚರಿಸಬೇಕಾಯಿತು. 2023ರ ಡಿಸೆಂಬರಿನಲ್ಲಿ ಅಯೋಧ್ಯೆಯ ಮಂದಿರದ ಹೆಸರಿನಲ್ಲಿ ಕ್ಯೂಆರ್ ಕೋಡ್ ಕಳಿಸಿ ಹಣ ಕೇಳುವವರ ಬಗ್ಗೆ ವಿಶ್ವ ಹಿಂದೂ ಪರಿಷತ್ತೇ ದೂರಿತು. ಲಿಪಿತಜ್ಞನ ಕಣ್ಣು ಈಗ ಮನೆಯ ಅಜ್ಜಿಗೂ ಬೇಕಾಗಿದೆ. ಹಣ ಕಳಿಸುವ ಮುನ್ನ ಪರದೆಯ ಮೇಲೆ ಮೂಡುವ ಹೆಸರು ಸಂಸ್ಥೆಯದೇ, ಯಾವನೋ ವ್ಯಕ್ತಿಯದೇ ಎಂದು ಓದುವುದು. ಬಂದ ಕೋಡನ್ನು ಬಿಟ್ಟು, ಸಂಸ್ಥೆಯ ದೂರವಾಣಿಯನ್ನು ಬೇರೆ ದಾರಿಯಿಂದ ಹುಡುಕಿ ಕೇಳುವುದು. ಇವೆಲ್ಲ ಫ್ಲೀಟನು ಮಾಡಿದ ಕೆಲಸವೇ. “ಈಗಲೇ ಕಳಿಸಿ, ಮಗುವಿನ ಶಸ್ತ್ರಚಿಕಿತ್ಸೆ ಇಂದೇ” ಎಂಬ ಅವಸರ ಆ ವಿಚಾರಣೆಗೆ ಸಮಯ ಸಿಗದಂತೆ ಮಾಡುವ ಉಪಾಯ. ಮೋಸ ಹೋದದ್ದು ತಿಳಿದ ಕೂಡಲೇ ನಾಚಿಕೆಪಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ದೂರು ಮುಟ್ಟಿದರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ನಮ್ಮ ಸಂಘಕ್ಕೆ ಪರದೇಶದಿಂದ ಹಣ ಕಳಿಸಬಯಸುವ ಮಕ್ಕಳಿಗೆ ಇನ್ನೊಂದು ಮಾತು. ವಿದೇಶಿ ವಂತಿಗೆಯನ್ನು ಪಡೆಯುವ ಸಂಸ್ಥೆಗೆ ಅದಕ್ಕಾಗಿಯೇ ಪ್ರತ್ಯೇಕ ನೋಂದಣಿ ಬೇಕು. 2020ರ ತಿದ್ದುಪಡಿಯ ತರುವಾಯ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊರಿನ ಯಾರದೋ ಉಳಿತಾಯ ಖಾತೆಯನ್ನು ಕೊಟ್ಟವರನ್ನು ಅಲ್ಲಿಂದಲೇ ಪ್ರಶ್ನಿಸಬಹುದು.

ಆ ಶಿಕ್ಷಕಿಯ ಮಾತು ಉಳಿಯಿತು. ದೀಪಾವಳಿಯ ರಜೆ ಮುಗಿದ ಮೇಲೆ, ಮನಸ್ಸು ತಡೆಯದೆ, ಅವರ ಶಾಲೆಯನ್ನು ಹುಡುಕಿಕೊಂಡು ಹೋದೆ. ಅಲ್ಲಿ ಕೇಳಲು ಯಾವ ಕಚೇರಿಯೂ ಬೇಕಾಗಲಿಲ್ಲ. ಗೋಡೆಯ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆಯಿತ್ತು, ಕಪಾಟಿನ ಕೆಳಗಿನ ಎರಡು ಹಲಗೆಗಳು ಉಬ್ಬಿ ಬಿರಿದಿದ್ದವು. ಮೇಲಿನ ಹಲಗೆಗಳಲ್ಲಿ ಹೊಸ ಪುಸ್ತಕಗಳು ಬಂದಿದ್ದವು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬಿಳಿಯ ಬಣ್ಣದಿಂದ, ದುಂಡನೆಯ ಕನ್ನಡ ಅಕ್ಷರಗಳಲ್ಲಿ, ಕೊಟ್ಟವರ ಹೆಸರು, ಕೊಟ್ಟದ್ದು ಎಷ್ಟು, ಅದರಿಂದ ಕೊಂಡದ್ದು ಏನು ಎಂದು ಅವರೇ ಬರೆದಿದ್ದರು. ಎಕ್ಸರ್‌ಸೈಜ್ ವಹಿಯ ಲೆಕ್ಕವೆಲ್ಲ ಅಲ್ಲಿ ಮೂಡಿತ್ತು. ಹನ್ನೊಂದು ರೂಪಾಯಿ ಕೊಟ್ಟ ಒಬ್ಬ ವಿದ್ಯಾರ್ಥಿಯ ಹೆಸರೂ ಇತ್ತು.

“ಬರ್ರಿ ಗುರುಗಳ, ಕೂಡ್ರಿ. ಚಹಾ ತರಸ್ತೀನಿ” ಎಂದರು ಅವರು. ಹಿಂದಿನ ಭೇಟಿಯ ಮಾತನ್ನು ಎತ್ತಲಿಲ್ಲ. ಚಹಾ ಬರುವ ತನಕ ನಾನು ಆ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಕೆಳಗೆ ಇನ್ನೂ ನಾಲ್ಕೈದು ಸಾಲುಗಳಿಗೆ ಜಾಗವಿತ್ತು.